ಲಾಗೌಟ್ ಆದ ಕೂಡಲೇ ನಿಲ್ಲುತ್ತಿದ್ದ ಬ್ಯಾಕಪ್: ನನ್ನ ಅನುಭವ

ರಾಯಚೂರಿನ ನಮ್ಮ ಹತ್ತಿ ಅಂಗಡಿಯ ಲೆಕ್ಕದ ಕಂಪ್ಯೂಟರ್‌ನಲ್ಲಿ ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಇದೆ. ಫೈಲುಗಳನ್ನು ಮನೆಗೆ ಕಳಿಸುವ ಸ್ಕ್ರಿಪ್ಟ್ ಅನ್ನು ನನ್ನ ಯೂಸರ್ ಹೆಸರಲ್ಲೇ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಶುರು ಮಾಡಿ ನೋಡಿಕೊಳ್ಳುವ ವ್ಯವಸ್ಥೆ) ಸರ್ವೀಸ್, ಅಂದರೆ ಹಿನ್ನೆಲೆಯಲ್ಲಿ ಓಡುವ ಕೆಲಸ, ಮಾಡಿದ್ದೆ. ಸಂಜೆ ಲಾಗೌಟ್ ಮಾಡಿದರೆ ಸುಮಾರು 10 ಸೆಕೆಂಡಿಗೆ ಅದು ನಿಲ್ಲುತ್ತಿತ್ತು.

ಲಾಗೌಟ್ ಆದರೂ ಸ್ಕ್ರಿಪ್ಟ್ ಓಡುತ್ತಿರಲಿ ಎಂದು ನೋಹಪ್ ಕಮಾಂಡ್ ಹಾಕಿ ನೋಡಿದೆ. ಆದರೆ ಕರೆಂಟ್ ಹೋಗಿ ಬಂದರೆ ಮತ್ತೆ ಕೈಯಿಂದಲೇ ಶುರು ಮಾಡಬೇಕು. ಲಾಗಿನ್‌ಗಳನ್ನು ನೋಡಿಕೊಳ್ಳುವ ಲಾಗಿನ್‌ಡಿಯ ಸೆಟ್ಟಿಂಗ್ ಫೈಲಿನಲ್ಲಿ ‘ಕಿಲ್‌ಯೂಸರ್‌ಪ್ರೊಸೆಸಸ್=ನೋ’ (ಲಾಗೌಟ್ ಆದಾಗ ಯೂಸರ್‌ನ ಪ್ರೋಗ್ರಾಂ ನಿಲ್ಲಿಸಬೇಡ) ಎಂದು ಬರೆದದ್ದು ಸುಮ್ನೆ. ಅದು ಮೊದಲೇ ಹಾಗಿತ್ತು.

ಕಾರಣ ಇಷ್ಟೇ: ಕೊನೆಯ ಲಾಗಿನ್ ಮುಗಿದರೆ ಆ ಯೂಸರ್‌ನ ಸಿಸ್ಟಮ್‌ಡಿ ಮ್ಯಾನೇಜರ್ರೇ ಮುಚ್ಚುತ್ತದೆ, ಅದರಡಿಯ ಸರ್ವೀಸ್‌ಗಳೂ ಹೋಗುತ್ತವೆ. ಅದನ್ನು ಉಳಿಸಲು:

‘ಸುಡೋ ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್’, ಮುಂದೆ ಯೂಸರ್ ಹೆಸರು. (ಸುಡೋ ಅಂದರೆ ಅಡ್ಮಿನ್ ಅಧಿಕಾರದಿಂದ ಮಾಡು; ಲಿಂಗರ್ ಅಂದರೆ ಲಾಗೌಟ್ ಆದರೂ ಉಳಿ.)

ಇನ್ನೊಂದು ತಪ್ಪೂ ಇತ್ತು. ಸರ್ವೀಸ್ ಫೈಲಿನಲ್ಲಿ ‘ವಾಂಟೆಡ್‌ಬೈ=ಮಲ್ಟಿ-ಯೂಸರ್.ಟಾರ್ಗೆಟ್’ ಎಂದು ಬರೆದಿದ್ದೆ (ಯಾವ ಹಂತ, ಅಂದರೆ ಟಾರ್ಗೆಟ್, ಬಂದಾಗ ಸರ್ವೀಸ್ ತಾನೇ ಶುರುವಾಗಬೇಕು ಎಂದು ಹೇಳುವ ಸಾಲು ಇದು). ಯೂಸರ್ ಮ್ಯಾನೇಜರ್‌ಗೆ ಆ ಟಾರ್ಗೆಟ್ ಗೊತ್ತೇ ಇಲ್ಲ! ‘ಡಿಫಾಲ್ಟ್.ಟಾರ್ಗೆಟ್’ ಎಂದು ತಿದ್ದಿ, ‘ಸಿಸ್ಟಮ್‌ಸಿಟಿಎಲ್ --ಯೂಸರ್ ಡೀಮನ್-ರೀಲೋಡ್’, ಆಮೇಲೆ ‘ಸಿಸ್ಟಮ್‌ಸಿಟಿಎಲ್ --ಯೂಸರ್ ರೀಎನೇಬಲ್’ ಜೊತೆ ಸರ್ವೀಸ್ ಹೆಸರು ಕೊಟ್ಟೆ. ಈ ಎರಡಕ್ಕೂ ಸುಡೋ ಹಾಕಬೇಡಿ, ರೂಟ್‌ನ (ಅಡ್ಮಿನ್ ಯೂಸರ್‌ನ) ಮ್ಯಾನೇಜರ್ ಹುಡುಕುತ್ತಾ ಹೋಗುತ್ತದೆ.

ರೀಬೂಟ್ ಮಾಡಿ, ಲಾಗಿನ್ ಆಗದೆ ಬಿಟ್ಟೆ. ಮನೆಗೆ ಫೈಲ್ ಬಂತು. ‘ಲಾಗಿನ್‌ಸಿಟಿಎಲ್ ಶೋ-ಯೂಸರ್’ ಮುಂದೆ ಯೂಸರ್ ಹೆಸರು ಕೊಟ್ಟರೆ ‘ಲಿಂಗರ್=ಯೆಸ್’ ಕಾಣಬೇಕು. ಪರದೆ ಮೇಲೆ ಕಿಟಕಿ ತೆರೆಯುವ ಪ್ರೋಗ್ರಾಂಗೆ ಮಾತ್ರ ಈ ದಾರಿ ಬೇಡ.