‘ವೆರ್ಡೆನ್’ ಬೇರು ಹುಡುಕಿದ್ದು

ಜರ್ಮನ್ ಕಲಿಯುವಾಗ ನನ್ನನ್ನು ತುಂಬಾ ಕಾಡಿದ್ದು ‘ವೆರ್ಡೆನ್’ ಎಂಬ ಕ್ರಿಯಾಪದ. ‘ಆಗು’ ಅಂತ ಅದರ ಅರ್ಥ. ‘ಎಸ್ ವಿರ್ಟ್ ಡುಂಕೆಲ್’ ಅಂದರೆ ಕತ್ತಲಾಗುತ್ತಿದೆ. ಇದರ ಬೇರು ಎಲ್ಲಿದೆ ನೋಡೋಣ ಅಂತ ಒಂದು ನೋಟ್‌ಬುಕ್ ಹಿಡಿದು ಕೂತೆ.

ಮೊದಲು ನಂಟಿನ ಪದಗಳನ್ನು ಸಾಲಾಗಿ ಬರೆದೆ. ಡಚ್‌ನಲ್ಲಿ ‘ವೊರ್ಡೆನ್’. ಹಳೆಯ ಇಂಗ್ಲಿಷಿನಲ್ಲಿ ‘ವೆಒರ್ಥನ್’. 4ನೇ ಶತಮಾನದಲ್ಲಿ ವುಲ್ಫಿಲ ಬೈಬಲ್ ಅನುವಾದ ಮಾಡಿದ ಗೋಥಿಕ್‌ನಲ್ಲಿ ‘ವೆರ್ಥನ್’. ಇವಕ್ಕೆಲ್ಲ ತಾಯಿಯಾದ ಮೂಲ ಜರ್ಮಾನಿಕ್‌ನಲ್ಲಿ ಪುಸ್ತಕ ಒಂದೂ ಇಲ್ಲ. ಅದಕ್ಕೇ ಮಕ್ಕಳ ಮುಖ ನೋಡಿ ಕಟ್ಟಿದ ‘ವೆರ್ಥನ’ ರೂಪದ ಮುಂದೆ ನಕ್ಷತ್ರದ ಗುರುತು ಹಾಕುತ್ತಾರೆ.

ಇಂಗ್ಲಿಷಿನ ‘ವರ್’, ಅಂದರೆ ‘ಇದ್ದರು’ ಅನ್ನೋ ಪದವನ್ನೂ, ಸದ್ದು ಹತ್ತಿರ ಇದೆ ಅಂತ ಸುಮ್ನೆ ಸೇರಿಸಿದ್ದೆ. ಅದು ಬೇರೆ ಮನೆಯದು, ನಮ್ಮ ‘ವಾಸ’ದ ನಂಟು. ಹೊಡೆದು ಹಾಕಿದೆ. ವೆಒರ್ಥನ್ ಇಂದಿನ ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಮರೆಯಾಗಿದೆ. ಅದೇ ಬೇರಿನ ‘ವಿಯರ್ಡ್’ ಉಳಿದಿದೆ. ಹಿಂದೆ ಅದಕ್ಕೆ ‘ವಿಧಿ’ ಅಂತ ಅರ್ಥವಿತ್ತು.

ಈ ಭಾಷೆಗಳ ದೂರದ ನಂಟಿನ ಸಂಸ್ಕೃತದ ಕಡೆ ‘ವರ್ತತೇ’ ಸಿಕ್ಕಿತು. ನಾವು ದಿನಾ ಆಡುವ ವರ್ತನೆ, ಪರಿವರ್ತನೆ, ವೃತ್ತ ಎಲ್ಲ ಅದೇ ಧಾತುವಿನವು. ಮೂಲ ಅರ್ಥ ‘ತಿರುಗು’. ತಿರುಗುವುದು ‘ಆಗುವುದು’ ಹೇಗಾಯಿತು? ಮಾವಿನಕಾಯಿ ಬಣ್ಣಕ್ಕೆ ತಿರುಗಿದೆ ಅಂತೀವಲ್ವಾ, ಹಾಗೇ.

ಆದರೆ ಒಂದು ಕಡೆ ಸಿಕ್ಕಿಕೊಂಡೆ. ಹಳೆಯ ಇಂಗ್ಲಿಷಿನಲ್ಲಿ ‘ಅವನು ಆದ’ ಅನ್ನಲು ‘ವೆಅರ್ಥ್’, ‘ಅವರು ಆದರು’ ಅನ್ನಲು ‘ವುರ್ಡೊನ್’. ಸಂಸ್ಕೃತದ ‘ತ’ ಅಲ್ಲಿ ‘ಥ’ ಆಗೋದು ಗೊತ್ತಿತ್ತು, ‘ತ್ರಿ’ಗೆ ‘ಥ್ರೀ’ ಇದ್ದ ಹಾಗೆ. ಈ ‘ಡ’ ಎಲ್ಲಿಂದ ಬಂತು? ಎರಡು ವಾರ ತಲೆ ಕೆಡಿಸಿಕೊಂಡೆ.

ಉತ್ತರ ಡೆನ್ಮಾರ್ಕಿನ ಕಾರ್ಲ್ ವೆರ್ನರ್ 1877ರಲ್ಲಿ ಪ್ರಕಟಿಸಿದ ಲೇಖನದ ನಿಯಮದಲ್ಲಿತ್ತು. ಹಳೆಯ ಕಾಲದಲ್ಲಿ ಉಚ್ಚಾರದ ಒತ್ತು ‘ಥ’ದ ಹಿಂದಿನ ಸ್ವರದ ಮೇಲೇ ಬಿದ್ದರೆ ‘ಥ’ ಉಳಿಯುತ್ತದೆ. ಒತ್ತು ಮುಂದಕ್ಕೆ ಹೋದರೆ ಅದು ಮೆತ್ತಗಾಗಿ ಕೊನೆಗೆ ‘ಡ’ ಆಗುತ್ತದೆ. ಆ ಒತ್ತು ಜರ್ಮಾನಿಕ್‌ನಲ್ಲಿ ಅಳಿಸಿ ಹೋಗಿದೆ. ವೇದದ ಸ್ವರದಲ್ಲಿ ಉಳಿದಿದೆ!

ಅವತ್ತು ರಾತ್ರಿ ಇಂಗ್ಲಿಷ್ ರೂಪಗಳ ಪಕ್ಕದಲ್ಲೇ ಸಂಸ್ಕೃತದವನ್ನೂ ಬರೆದು, ಉದಾತ್ತಕ್ಕೆ, ಅಂದರೆ ವೇದದಲ್ಲಿ ಒತ್ತು ಬೀಳುವ ಏರು ಸ್ವರಕ್ಕೆ, ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆ. ಏಕವಚನ ‘ವವರ್ತ’ದಲ್ಲಿ ಗುರುತು ನಡುವಿನ ‘ವ’ದ ಮೇಲೆ. ಬಹುವಚನ ‘ವವೃತಿಮ’ದಲ್ಲಿ ಕೊನೆಯ ‘ಮ’ದ ಮೇಲೆ.