ಕಂಪ್ರೆಸರ್ ಬದಲಿಸುವ ಮೊದಲು

ಮಂಗಳೂರಿನ ಸೂಪರ್‌ಮಾರ್ಕೆಟ್ ಒಂದರ ಚಿಲ್ಲರ್, ಫ್ರೀಜರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕರೆಂಟ್ ಬಿಲ್ಲು ಏರುತ್ತಲೇ ಇದೆ, ಆದರೂ ಹಾಲು, ಮೊಸರು ಸರಿಯಾಗಿ ತಣ್ಣಗಿರುವುದಿಲ್ಲ ಎಂದು ಮಾಲೀಕರು ದೊಡ್ಡ ಕಂಪ್ರೆಸರ್‌ಗೆ ಕೊಟೇಶನ್ ತರಿಸಿದ್ದರು. ಸ್ವಲ್ಪ ತಡೆಯಿರಿ ಎಂದು ಹೇಳಿ, ಶೀತಲ ಯಂತ್ರಗಳಿಗೆಂದೇ ಪ್ರತ್ಯೇಕ ಮೀಟರ್ ಹಾಕಿಸಿದೆ.

ಬಾಗಿಲಿಲ್ಲದ ಚಿಲ್ಲರ್‌ನಲ್ಲಿ ತಣ್ಣನೆಯ ಗಾಳಿ ಮೇಲಿನ ಜಾಲರಿಯಿಂದ ಪರದೆಯಂತೆ ಇಳಿದು ಕೆಳಗಿನ ಜಾಲರಿಗೆ ಮರಳಬೇಕು. ನಮ್ಮಲ್ಲಿ ಮೊಸರಿನ ಪ್ಯಾಕೆಟ್‌ಗಳು ಸರಕು ಎಲ್ಲಿಯವರೆಗೆ ಇಡಬಹುದು ಎಂದು ತೋರಿಸುವ ಲೋಡ್ ಗೆರೆ ದಾಟಿ ಹೊರಚಾಚಿದ್ದವು. ಕೆಳಗಿನ ಜಾಲರಿಗೆ ಆಫರ್ ಫಲಕ ಅಡ್ಡ ಕುಳಿತಿತ್ತು. ಅಂಗಡಿ ಮುಚ್ಚಿದ ಮೇಲೆ ಊದುಬತ್ತಿ ಹಚ್ಚಿ ಹಿಡಿದೆ. ಹೊಗೆ ನೇರವಾಗಿ ಗಿರಾಕಿಗಳು ನಿಲ್ಲುವ ಜಾಗಕ್ಕೆ ಹರಿಯಿತು. ಸರಕು ಜೋಡಿಸುವ ಹುಡುಗರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಇಂಥ ಚಿಲ್ಲರ್‌ಗಳ ಶಾಖದ ಹೊರೆಯಲ್ಲಿ ಸುಮಾರು ಮುಕ್ಕಾಲು ಪಾಲು ಒಳನುಗ್ಗುವ ಗಾಳಿಯದೇ. ಕರಾವಳಿಯಲ್ಲಿ ಅದರ ಜೊತೆಗೆ ತೇವವೂ ಬಂದು, ಗಾಳಿಯನ್ನು ತಣ್ಣಗಾಗಿಸುವ ಕೊಳವೆ ಸುರುಳಿಯಾದ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ.

ಮೊದಲು ರಾತ್ರಿ ಎಳೆಯುವ ಪರದೆ, ಆಮೇಲೆ ಗಾಜಿನ ಬಾಗಿಲು. ಬಾಗಿಲಿದ್ದರೆ ವ್ಯಾಪಾರ ಬೀಳುತ್ತದೆ ಎಂಬ ವಾದ ತುಂಬಾ ನಡೆಯಿತು. ಹಾಲು ಬೇಕಾದವರು ಬಾಗಿಲು ತೆರೆದೇ ತೆರೆಯುತ್ತಾರೆ ಎಂಬುದು ನನ್ನ ನಿಲುವು.

ಬಹಳ ಕಡೆ ಕೆಲಸ ಇಲ್ಲಿಗೇ ನಿಲ್ಲುತ್ತದೆ. ಬಾಗಿಲು ಬಂದ ಮೇಲೆ ಕಾಯಿಲ್ ಮೊದಲಿನಷ್ಟು ತಣ್ಣಗಿರಬೇಕಾಗಿಲ್ಲ, ಆದರೆ ಸೆಟ್ಟಿಂಗ್ ಅನ್ನು ಯಾರೂ ಮುಟ್ಟುವುದಿಲ್ಲ. ಸಕ್ಷನ್ ಒತ್ತಡ ಎಂದರೆ ಕಾಯಿಲ್‌ನಿಂದ ಕಂಪ್ರೆಸರ್‌ಗೆ ಮರಳುವ ಗ್ಯಾಸ್‌ನ ಒತ್ತಡ, ಅದು ಏರಿದರೆ ಕಾಯಿಲ್‌ನ ತಾಪಮಾನವೂ ಏರುತ್ತದೆ. ನಾನು ಅದನ್ನು ಮೆಲ್ಲಗೆ ಏರಿಸುತ್ತಾ, ಹಾಲಿನ ತಾಪಮಾನ 4 ಡಿಗ್ರಿ ದಾಟದಂತೆ ಕಾಯುತ್ತಾ ಹೋದೆ. ಕಾಯಿಲ್‌ನ ತಾಪಮಾನ ಒಂದು ಡಿಗ್ರಿ ಏರಿದರೆ ಕಂಪ್ರೆಸರ್ ಎಳೆಯುವ ವಿದ್ಯುತ್ತಿನಲ್ಲಿ ಶೇ. 2ರಿಂದ 3ರಷ್ಟು ಉಳಿಯುತ್ತದೆ. ಅದೇ ಗ್ಯಾಸ್ ಲೈನಿನಲ್ಲಿ, ಹಾಲಿಗಿಂತ ತಣ್ಣಗಿರಬೇಕಾದ ಮೀನಿನ ಚಿಲ್ಲರ್ ಕೂಡ ಇದ್ದುದರಿಂದ, ಅದು ಬಿಟ್ಟುಕೊಟ್ಟಷ್ಟು ಮಾತ್ರ ಏರಿಸಲು ಸಾಧ್ಯವಾಯಿತು. ಮೀನನ್ನು ಬೇರೆ ಲೈನಿಗೆ ಹಾಕುವ ಆಸೆ ಇನ್ನೂ ಇದೆ.

ಫ್ರೀಜರ್ ಬಾಗಿಲಿನ ಚೌಕಟ್ಟಿನಲ್ಲಿ ಬೆವರು ತಡೆಯುವ ಹೀಟರ್‌ಗಳು ಹಗಲೂ ರಾತ್ರಿ ಉರಿಯುತ್ತಿದ್ದವು. ಅಂಗಡಿಯ ತೇವಾಂಶ ನೋಡಿ ಆನ್, ಆಫ್ ಆಗುವ ಕಂಟ್ರೋಲರ್ ಹಾಕಿಸಿದೆ. ಮಳೆಗಾಲದಲ್ಲಿ ಇದರ ಲಾಭ ಕಡಿಮೆ.

ಒಳಗಿನ ಶಾಖವನ್ನು ಹೊರಹಾಕುವ ಹಿಂಬದಿಯ ಕಂಡೆನ್ಸರ್‌ಗೆ ಜನರೇಟರಿನ ಬಿಸಿಗಾಳಿ ಬಡಿಯುತ್ತಿತ್ತು. ನಡುವೆ ತಗಡಿನ ಗೋಡೆ ನಿಲ್ಲಿಸಿದೆವು. ಉಳಿದದ್ದು ಯಂತ್ರದೊಳಗೆ ಸುತ್ತುತ್ತಾ ತಂಪು ಮಾಡುವ ಗ್ಯಾಸ್. ಫ್ರೀಜರ್‌ನಲ್ಲಿರುವ ಆರ್-404ಎ ಎಂಬ ಗ್ಯಾಸ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 3,900 ಪಟ್ಟು ಪ್ರಬಲ, ಸೋರಿ ಕಡಿಮೆಯಾದರೆ ಯಂತ್ರವೂ ಹೆಚ್ಚು ಓಡುತ್ತದೆ. ಬರುವ ಮೆಕ್ಯಾನಿಕ್ ಸೋರಿಕೆ ಎಲ್ಲಿದೆ ಎಂದು ತೋರಿಸಿ, ಬೆಸುಗೆ ಹಾಕಿದ ಮೇಲೆಯೇ ಗ್ಯಾಸ್ ತುಂಬಬೇಕು. ಇಲ್ಲವಾದರೆ ಅವರ ಬಿಲ್ಲಿಗೆ ನಾನು ಸಹಿ ಹಾಕುವುದಿಲ್ಲ.