ಕೊಟ್ಟಿಗೆಯಲ್ಲಿ ದನ ಸತ್ತಾಗ: ಮಲೆನಾಡಿನ ಸಣ್ಣ ರೈತರು ಮಾಡಬೇಕಾದದ್ದು

ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಯ ಸಾಧಾರಣ ಕೃಷಿಕರ ಮನೆಯೆಂದರೆ ಎರಡು-ಮೂರು ಎಕರೆ ಅಡಿಕೆ ತೋಟ, ಒಂದಿಷ್ಟು ಗದ್ದೆ, ಕೊಟ್ಟಿಗೆಯಲ್ಲಿ ನಾಲ್ಕೈದು ದನ. ಇಂಥ ಮನೆಯಲ್ಲಿ ಕರೆಯುವ ಹಸುವೊಂದು ಸತ್ತರೆ ಡೇರಿಯ ಬಟವಾಡೆ ನಿಲ್ಲುತ್ತದೆ, ತೋಟಕ್ಕೆ ಹೋಗುವ ಗೊಬ್ಬರ ಕಡಿಮೆಯಾಗುತ್ತದೆ, ದಿನಾ ಅದರ ಮೈ ತಿಕ್ಕಿ ಹುಲ್ಲು ಹಾಕುತ್ತಿದ್ದವರು ಊಟದ ಮುಂದೆ ಸುಮ್ಮನೆ ಕುಳಿತುಬಿಡುತ್ತಾರೆ. ಆ ಸಂಕಟದಲ್ಲಿ ಬೆಳಿಗ್ಗೆ ಸತ್ತ ದನವನ್ನು ಮಧ್ಯಾಹ್ನದೊಳಗೆ ಹೂತು ಮುಗಿಸುವುದು ನಮ್ಮಲ್ಲಿ ರೂಢಿ. ಆದರೆ ಪರಿಹಾರದ ಹಣವೂ ಸಾವಿನ ಕಾರಣವೂ ಉಳಿದ ದನಗಳ ಸುರಕ್ಷತೆಯೂ ಕೈತಪ್ಪುವುದು ಬಹುಮಟ್ಟಿಗೆ ಈ ಅವಸರದಿಂದಲೇ. ಆದ್ದರಿಂದ ಹಾರೆ-ಗುದ್ದಲಿಗೆ ಕೈ ಹಾಕುವ ಮೊದಲು ಪಶು ಆಸ್ಪತ್ರೆಗೆ ಫೋನ್ ಮಾಡಬೇಕು. ಉಳಿದ ಕೆಲಸಗಳೆಲ್ಲ ಆಮೇಲಿನವು.

ಮೊದಲ ಗಂಟೆ

ಸತ್ತ ದನವನ್ನು ಮುಟ್ಟುವ ಮೊದಲು ಎರಡು ಹೆಜ್ಜೆ ದೂರದಲ್ಲಿ ನಿಂತು ನೋಡಿ. ನಿನ್ನೆ ಸಂಜೆಯವರೆಗೂ ಮೇದುಕೊಂಡಿದ್ದ ದನ ಹಠಾತ್ತನೆ ಸತ್ತು, ಮೂಗು, ಬಾಯಿ ಅಥವಾ ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರುತ್ತಿದ್ದರೆ, ಹೊಟ್ಟೆ ಬೇಗನೆ ಉಬ್ಬಿಕೊಂಡು ಕೈಕಾಲು ಮಾತ್ರ ಸೆಟೆಯದೆ ಉಳಿದಿದ್ದರೆ ಅಂಥ್ರಾಕ್ಸ್, ಅಂದರೆ ನೆರಡಿ ರೋಗವನ್ನು ಶಂಕಿಸಬೇಕು. ಈ ಶಂಕೆ ಇದ್ದಾಗ ಕಳೇಬರವನ್ನು ಯಾವ ಕಾರಣಕ್ಕೂ ಕೊಯ್ಯಬಾರದು, ಚರ್ಮ ಸುಲಿಯಬಾರದು, ಎಳೆದುಕೊಂಡು ಹೋಗಬಾರದು. ಗಾಳಿ ತಾಗಿದೊಡನೆ ಇದರ ರೋಗಾಣುಗಳು ಗಟ್ಟಿ ಕವಚದ ಬೀಜಾಣುಗಳಾಗಿ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯಬಲ್ಲವು. ಮನುಷ್ಯರಿಗೂ ಅವು ಅಪಾಯಕಾರಿ. ವೈದ್ಯರು ಬಂದು ಕಿವಿಯ ಬಳಿಯ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಗೆದುಕೊಂಡು ಸೂಕ್ಷ್ಮದರ್ಶಕದಲ್ಲಿ ನೋಡುವವರೆಗೆ ನಾಯಿ, ಕಾಗೆ, ಕೋಳಿ ಹತ್ತಿರ ಸುಳಿಯದಂತೆ ಕಾಯಬೇಕು. ಅರಿಸಿನ-ಕುಂಕುಮ ಹಚ್ಚಿ, ಬಾಯಿಗೆ ತುಳಸಿ ನೀರು ಬಿಟ್ಟು ಕಳುಹಿಸುವ ಮನೆಗಳಿವೆ. ರೋಗದ ಅನುಮಾನ ಇರುವಾಗ ಹೂವನ್ನು ದೂರದಿಂದ ಹಾಕಿ ಕೈಮುಗಿದರೆ ಸಾಕು, ಭಕ್ತಿಗೆ ಕೊರತೆಯೇನೂ ಆಗುವುದಿಲ್ಲ.

ಅಂಥ ಲಕ್ಷಣಗಳಿಲ್ಲದಿದ್ದರೆ ಫೋಟೊ ತೆಗೆಯಿರಿ. ಇಡೀ ದನ ಕಾಣುವಂತೆ ಒಂದು, ಕಿವಿಗೆ ಹಾಕಿದ ಗುರುತಿನ ಬಿಲ್ಲೆಯ, ಅಂದರೆ ಕಿವಿಯೋಲೆಯ ಹನ್ನೆರಡು ಅಂಕಿಗಳನ್ನು ಓದಲು ಬರುವಷ್ಟು ಹತ್ತಿರದಿಂದ ಒಂದು, ಗಾಯ, ಹಾವು ಕಚ್ಚಿದ ಗುರುತು, ಸುಟ್ಟ ಕಲೆ ಏನಿದ್ದರೂ ಅದರದ್ದೊಂದು, ಸತ್ತ ಜಾಗದ ಸುತ್ತಮುತ್ತಲಿನದ್ದೊಂದು ಚಿತ್ರ ಬೇಕು. ಕಿವಿಯೋಲೆಯನ್ನು ಕತ್ತರಿಸಿ ಜೇಬಿಗೆ ಹಾಕಿಕೊಳ್ಳಬೇಡಿ. ಅದು ಕಿವಿಯಲ್ಲಿ ಇದ್ದಂತೆಯೇ ವೈದ್ಯರಿಗೆ ಮತ್ತು ವಿಮೆಯವರಿಗೆ ಕಾಣಬೇಕು. ಸ್ಥಳೀಯ ಪಶು ಆಸ್ಪತ್ರೆಯ ವೈದ್ಯಾಧಿಕಾರಿ ಫೋನಿಗೆ ಸಿಗದಿದ್ದರೆ ಸಂಚಾರಿ ಪಶು ಚಿಕಿತ್ಸಾ ಸೇವೆಯ 1962 ಸಂಖ್ಯೆಗೆ ಕರೆ ಮಾಡಿ ಮುಂದೇನು ಮಾಡಬೇಕೆಂದು ಕೇಳಬಹುದು.

ಮರಣೋತ್ತರ ಪರೀಕ್ಷೆಯೆಂದರೆ ಮನೆಯ ಹಿರಿಯರು ಒಪ್ಪದಿರುವುದು ಸಾಮಾನ್ಯ. ಮನೆಮಗಳಂತಿದ್ದ ಹಸುವನ್ನು ಕೊಯ್ಯಲು ಬಿಡುವುದು ಹೇಗೆಂಬ ಅವರ ನೋವನ್ನು ತಳ್ಳಿಹಾಕುವಂತಿಲ್ಲ. ಆದರೆ ಪರೀಕ್ಷೆ ಸತ್ತ ಹಸುವಿಗಾಗಿ ಅಲ್ಲ, ಅದರ ಪಕ್ಕದ ಗೂಟದಲ್ಲಿ ಕಟ್ಟಿರುವ ಕರುವಿಗಾಗಿ ಎಂದು ತಿಳಿಸಿ ಹೇಳಿದರೆ ಒಪ್ಪುವವರೇ ಹೆಚ್ಚು. ಹೊಟ್ಟೆಯಲ್ಲಿ ತಂತಿ ಚುಚ್ಚಿತ್ತೋ, ಪ್ಲಾಸ್ಟಿಕ್ ಗಂಟು ಕಟ್ಟಿತ್ತೋ, ವಿಷದ ಸೊಪ್ಪು ಸೇರಿತ್ತೋ, ಗಂಟಲು ಬೇನೆಯೋ ಚಪ್ಪೆ ರೋಗವೋ ಎಂಬುದು ಹೊರಗಿನಿಂದ ನೋಡಿ ಹೇಳಲು ಬರುವಂಥದ್ದಲ್ಲ. ಸಾವಿನ ಕಾರಣ ಗೊಂದಲವಾಗಿದ್ದು ಒಂದರ ಹಿಂದೊಂದು ದನ ಬೀಳುತ್ತಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ಮಾದರಿ ಕಳುಹಿಸುವಂತೆ ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ. ಬೇಸಿಗೆಯಲ್ಲಿ ಕಳೇಬರ ಬೇಗ ಕೊಳೆಯುವುದರಿಂದ ತಡವಾದಷ್ಟೂ ಪರೀಕ್ಷೆಯಿಂದ ತಿಳಿಯುವುದು ಕಡಿಮೆಯಾಗುತ್ತದೆ.

ಯಾವ ಸಾವಿಗೆ ಯಾವ ಕಚೇರಿ

ಸಾವಿನ ಬಗೆಯನ್ನು ಅನುಸರಿಸಿ ಓಡಾಟದ ದಾರಿಯೂ ಬದಲಾಗುತ್ತದೆ. ವಿಮೆ ಇದ್ದರೆ ವಿಮಾ ಕಂಪನಿಗೆ ಅದೇ ದಿನ ತಿಳಿಸಬೇಕು. ಬ್ಯಾಂಕ್ ಅಥವಾ ಸಹಕಾರ ಸಂಘದ ಸಾಲದಲ್ಲಿ ಕೊಂಡ ಹಸುವಾದರೆ ವಿಮಾ ಪತ್ರ ಅವರ ಬಳಿಯೇ ಇರುವುದು ಸಾಮಾನ್ಯವಾದ್ದರಿಂದ, ವಿಮೆ ಇಲ್ಲವೆಂದು ನೀವೇ ತೀರ್ಮಾನಿಸುವ ಮೊದಲು ಅಲ್ಲಿ ವಿಚಾರಿಸಿ. ಕಿವಿಯೋಲೆ ಇಲ್ಲದ ದನಕ್ಕೆ ವಿಮೆಯ ಹಣ ಸಿಗುವುದಿಲ್ಲ. ಲಂಟಾನದ ಪೊದೆಗಳಲ್ಲಿ ನುಗ್ಗಿ ಮೇಯುವ ನಮ್ಮ ದನಗಳ ಕಿವಿಯೋಲೆ ಹರಿದು ಬೀಳುವುದು ಹೊಸದೇನಲ್ಲ; ಬಿದ್ದ ವಾರದಲ್ಲೇ ಬೇರೆ ಹಾಕಿಸಿ, ಹೊಸ ಸಂಖ್ಯೆಯನ್ನು ವಿಮೆಯವರಿಗೆ ಬರಹದಲ್ಲಿ ತಿಳಿಸದಿದ್ದರೆ ಮುಂದೆ ತಕರಾರು ಖಂಡಿತ.

ವಿಮೆ ಇಲ್ಲದ ದನ ಆಕಸ್ಮಿಕವಾಗಿ ಸತ್ತರೆ ಪಶುಸಂಗೋಪನಾ ಇಲಾಖೆಯ ಅನುಗ್ರಹ ಯೋಜನೆಯ ಬಗ್ಗೆ ಪಶು ಆಸ್ಪತ್ರೆಯಲ್ಲೇ ವಿಚಾರಿಸಬೇಕು. 2025-26ರ ರಾಜ್ಯ ಬಜೆಟ್ಟಿನಲ್ಲಿ ಈ ಪರಿಹಾರವನ್ನು ಹಸು, ಎಮ್ಮೆ, ಎತ್ತುಗಳಿಗೆ 10,000 ರೂಪಾಯಿಯಿಂದ 15,000ಕ್ಕೂ ಕುರಿ-ಮೇಕೆಗಳಿಗೆ 5,000ದಿಂದ 7,500ಕ್ಕೂ ಏರಿಸುವುದಾಗಿ ಘೋಷಿಸಲಾಯಿತು. ಇಂದು ಒಂದು ಒಳ್ಳೆಯ ಮಿಶ್ರತಳಿ ಹಸುವಿಗೆ ಕೊಡಬೇಕಾದ ಬೆಲೆಯ ಮುಂದೆ ಇದು ದೊಡ್ಡ ಮೊತ್ತವಲ್ಲ, ಆದರೂ ಬಿಡುವಂಥದ್ದಲ್ಲ. ನೆರೆಯಲ್ಲಿ ಕೊಚ್ಚಿಹೋದ ಅಥವಾ ಗುಡ್ಡ ಕುಸಿದು ಸತ್ತ ದನಗಳಿಗೆ ವಿಪತ್ತು ಪರಿಹಾರ ನಿಧಿಯ ದಾರಿ ಬೇರೆಯೇ ಇದೆ. 2022ರಿಂದ 2026ರವರೆಗಿನ ನಿಯಮಗಳಲ್ಲಿ ಹಾಲು ಕರೆಯುವ ಹಸು-ಎಮ್ಮೆಗೆ 37,500, ಎತ್ತಿಗೆ 32,000, ಕರುವಿಗೆ 20,000 ರೂಪಾಯಿ ನಿಗದಿಯಾಗಿದ್ದು, ಒಂದು ಕುಟುಂಬಕ್ಕೆ ಇಂತಿಷ್ಟು ದನಗಳಿಗೆ ಮಾತ್ರ ಎಂಬ ಮಿತಿಯೂ ಇದೆ. ಇದಕ್ಕೆ ಗ್ರಾಮ ಆಡಳಿತ ಅಧಿಕಾರಿಯಿಂದ ಮಹಜರು ಮಾಡಿಸಿ ತಹಶೀಲ್ದಾರರ ಕಚೇರಿಗೆ ಅರ್ಜಿ ಹೋಗಬೇಕು. ಕಡಿದು ಬಿದ್ದ ವಿದ್ಯುತ್ ತಂತಿ ತುಳಿದು ದನ ಸತ್ತಿದ್ದರೆ ಮೊದಲು ಲೈನ್ ಬಂದ್ ಮಾಡಿಸಿ, ಆಮೇಲಷ್ಟೇ ಹತ್ತಿರ ಹೋಗಿ. ಮೆಸ್ಕಾಂ ಕಚೇರಿಗೂ ಪೊಲೀಸ್ ಠಾಣೆಗೂ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಚಿರತೆ ಅಥವಾ ಹುಲಿ ಹಿಡಿದ ದನದ ವಿಷಯದಲ್ಲಿ ಎರಡು ಮಾತು ಹೆಚ್ಚಾಗಿ ಹೇಳಬೇಕು. ಕಳೇಬರವನ್ನು ಬಿದ್ದ ಜಾಗದಿಂದ ಅಲುಗಾಡಿಸದೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ತಿಳಿಸಿ. ಅವರು ಬಂದು ಹೆಜ್ಜೆ ಗುರುತು, ಕುತ್ತಿಗೆಯ ಹಲ್ಲಿನ ಗುರುತು ನೋಡಿ ಮಹಜರು ಮಾಡಿದ ಮೇಲೆಯೇ ಪರಿಹಾರದ ಕಡತ ಮುಂದೆ ಹೋಗುತ್ತದೆ. ಸಿಟ್ಟಿನಿಂದ ಕಳೇಬರಕ್ಕೆ ಕೀಟನಾಶಕ ಸುರಿದಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾಗಬಲ್ಲದು, ಜೊತೆಗೆ ಊರಿನ ನಾಯಿಗಳನ್ನೂ ಹದ್ದುಗಳನ್ನೂ ಕೊಲ್ಲುತ್ತದೆ. ಸಂಜೆ ಮರಳದ ದನವನ್ನು ಹುಡುಕಿಕೊಂಡು ಕಾನಿನೊಳಗೆ ಹೋಗುವವರು ಒಬ್ಬರೇ ಹೋಗಬಾರದು. ಮಳೆಗಾಲ ಮುಗಿದಲ್ಲಿಂದ ಬೇಸಿಗೆಯ ಕೊನೆಯವರೆಗೆ ಮಂಗನ ಕಾಯಿಲೆ ಹರಡುವ ಉಣುಗುಗಳ ಕಾಟವಿರುವುದರಿಂದ, ಅವು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಸವರಿಕೊಂಡು ಹೋಗಿ, ಬಂದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಬೇಕು.

ಎಲ್ಲ ಅರ್ಜಿಗಳಿಗೂ ಸಾಮಾನ್ಯವಾಗಿ ಬೇಕಾಗುವ ಆಧಾರ್, ಪಾಸ್‌ಬುಕ್, ಪಹಣಿ, ಫೋಟೊ, ಮರಣೋತ್ತರ ವರದಿಗಳ ಎರಡೆರಡು ಪ್ರತಿಗಳನ್ನು ಒಂದೇ ಕವರಿನಲ್ಲಿ ಇಟ್ಟುಕೊಂಡರೆ ಓಡಾಟ ಅರ್ಧಕ್ಕರ್ಧ ಉಳಿಯುತ್ತದೆ.

ಗುಂಡಿ

ಮಲೆನಾಡಿನಲ್ಲಿ ಕಳೇಬರ ಹೂಳುವುದು ಬಯಲುಸೀಮೆಯಷ್ಟು ಸುಲಭವಲ್ಲ, ಏಕೆಂದರೆ ಮಳೆಗಾಲದಲ್ಲಿ ಮೂರಡಿ ಅಗೆಯುವುದರೊಳಗೆ ಒರತೆ ಸಿಗುವ ಜಾಗಗಳೇ ಇಲ್ಲಿ ಹೆಚ್ಚು. ಹಳ್ಳ, ಬಾವಿ, ಕೆರೆ ಮತ್ತು ಕುಡಿಯುವ ನೀರು ತರುವ ಅಬ್ಬಿಗಳಿಂದ ದೂರವಿರುವ, ನೀರು ನಿಲ್ಲದ ಎತ್ತರದ ದಿಬ್ಬವನ್ನು ಆರಿಸಿಕೊಳ್ಳಬೇಕು. ಆ ದಿಬ್ಬದಿಂದ ಇಳಿಯುವ ನೀರು ಯಾರ ಬಾವಿಯ ಕಡೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಆಳ ಕನಿಷ್ಠ ಆರು ಅಡಿ ಇದ್ದು, ಕಳೇಬರದ ಮೇಲೆ ಮೂರಡಿಗೆ ಕಡಿಮೆಯಿಲ್ಲದಂತೆ ಮಣ್ಣು ಬೀಳಬೇಕು. ಅಡಿಗೂ ಮೇಲಕ್ಕೂ ಸುಣ್ಣ ಹರಡಿ, ಮಣ್ಣು ಮುಚ್ಚಿ, ಮೇಲೆ ಕಲ್ಲು ಹೇರಿ ಮುಳ್ಳು ಹೊದಿಸಿದರೆ ನಾಯಿ-ಹಂದಿಗಳು ಕೆದಕುವುದಿಲ್ಲ. ಗುಂಡಿಯ ಮೇಲ್ಭಾಗದಲ್ಲೊಂದು ಅಗಳು ತೆಗೆದು ಮಳೆನೀರನ್ನು ಬೇರೆ ಕಡೆ ತಿರುಗಿಸಿ. ನೆರಡಿ ರೋಗವೆಂದು ಖಚಿತವಾದರೆ ಸುಡಬೇಕೋ ಹೂಳಬೇಕೋ, ಏನು ಔಷಧ ಹಾಕಬೇಕೋ ಎಂಬುದನ್ನು ವೈದ್ಯರು ಹೇಳಿದಂತೆಯೇ ನಡೆಸಬೇಕು. ತೆಂಗಿನ ಬುಡಕ್ಕೆ ಗೊಬ್ಬರವಾಗಲೆಂದು ತೋಟದಲ್ಲೇ ಹೂಳುವ ಪದ್ಧತಿಯನ್ನು ರೋಗದಿಂದ ಸತ್ತ ದನಗಳ ಮಟ್ಟಿಗಾದರೂ ಕೈಬಿಡಬೇಕು.

ಉಳಿದ ದನ, ತಬ್ಬಲಿ ಕರು

ಹೂಳಿ ಬಂದ ಸಂಜೆಯೇ ಉಳಿದ ದನಗಳ ಜ್ವರ ನೋಡಿಸಬೇಕು, ಕೊಟ್ಟಿಗೆಯ ಹಾಸು ಸೊಪ್ಪನ್ನೆಲ್ಲ ತೆಗೆದು ಸುಡಬೇಕು. ಆ ಸೊಪ್ಪನ್ನು ಗೊಬ್ಬರದ ಗುಂಡಿಗೆ ಹಾಕಿದರೆ ರೋಗವನ್ನು ಅಲ್ಲಿಗೆ ದಾಟಿಸಿದಂತಾಗುತ್ತದೆ. ಕಾಲುಬಾಯಿ ಜ್ವರವಿದ್ದಲ್ಲಿ ನೂರು ಲೀಟರ್ ನೀರಿಗೆ ನಾಲ್ಕು ಕಿಲೋ ವಾಷಿಂಗ್ ಸೋಡಾ ಕದಡಿ ನೆಲ, ಗೋದಲಿ ತೊಳೆಯುವುದು ಹಳೆಯ, ಪರಿಣಾಮಕಾರಿ ವಿಧಾನ. ಕಂದು ಹಾಕಿದ, ಅಂದರೆ ಗರ್ಭಪಾತವಾದ ಹಸುವಿದ್ದರೆ ಹೊರಬಿದ್ದ ಕರುವನ್ನೂ ಮಾಸನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ಇದಕ್ಕೆ ಕಾರಣವಾಗಬಲ್ಲ ಬ್ರುಸೆಲ್ಲಾ ರೋಗ ಮನುಷ್ಯರಿಗೂ ಅಂಟುತ್ತದೆ. ಸತ್ತ ಹಸುವಿಗೆ ರೇಬೀಸ್ ಇದ್ದ ಶಂಕೆ ಬಂದರೆ ಅದರ ಬಾಯಿಗೆ ಕೈ ಹಾಕಿದವರು, ಹಸಿ ಹಾಲು ಕುಡಿದವರು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಾವು ವಿಷದಿಂದಾದುದಾದರೆ ಮೇವಿನ ಮೂಲ ಹುಡುಕಿ: ಲಂಟಾನ, ಮರಗೆಣಸಿನ ಸೊಪ್ಪು, ಶುಂಠಿ ಹೊಲದ ಬದುವಿನಲ್ಲಿ ಬಿಟ್ಟ ಕೀಟನಾಶಕದ ಡಬ್ಬಿ, ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ತೋಟದ ಹುಲ್ಲು. ಬೋರ್ಡೋದಲ್ಲಿರುವ ತಾಮ್ರ ಕುರಿಗಳಿಗಂತೂ ಬಹಳ ಬೇಗ ವಿಷವಾಗುತ್ತದೆ.

ಕರು ಹಾಕಿದ ತಾಯಿ ಸತ್ತರೆ ಕರುವಿಗೆ ಗಿಣ್ಣು ಹಾಲು ಸಿಗುವುದೇ ಮುಖ್ಯ. ಹುಟ್ಟಿದ ಮೊದಲ ಒಂದೆರಡು ಗಂಟೆಯಲ್ಲಿ ಕೊಟ್ಟ ಗಿಣ್ಣು ಅತ್ಯುತ್ತಮ. ಒಂದು ದಿನ ಕಳೆದರೆ ಅದರಲ್ಲಿನ ರೋಗನಿರೋಧಕ ಅಂಶವನ್ನು ಕರುವಿನ ಕರುಳು ಹೀರಿಕೊಳ್ಳುವುದೇ ಇಲ್ಲ. ತಾಯಿಯ ಕೆಚ್ಚಲಿನಿಂದ ಸಿಗದಿದ್ದರೆ ಊರಿನಲ್ಲಿ ಹೊಸದಾಗಿ ಕರು ಹಾಕಿದ ಹಸುವಿರುವ ಮನೆ ಹುಡುಕಿ, ಅಲ್ಲಿಂದ ತಂದು ಮೈ ಬಿಸಿಯಷ್ಟು ಬೆಚ್ಚಗೆ ಮಾಡಿ ಕುಡಿಸಿ. ಮೊಟ್ಟೆ-ಹರಳೆಣ್ಣೆ ಬೆರೆಸಿದ ಹಾಲು ಕರುವಿಗೆ ಆಹಾರವಾದೀತೇ ಹೊರತು ಗಿಣ್ಣಿನ ಕೆಲಸ ಮಾಡದು. ಮುಂದೆ ದಿನಕ್ಕೆ ಕರುವಿನ ತೂಕದ ಹತ್ತರಲ್ಲೊಂದು ಪಾಲು ಹಾಲು, ಅಂದರೆ ಇಪ್ಪತ್ತು ಕಿಲೋ ತೂಗುವ ಕರುವಿಗೆ ಎರಡು ಲೀಟರ್, ಎರಡು-ಮೂರು ಹೊತ್ತಿಗೆ ಹಂಚಿ ಕೊಡಬೇಕು. ಕುಡಿಸುವಾಗ ಬಾಟಲಿಯನ್ನು ತಾಯಿಯ ಕೆಚ್ಚಲಿನ ಎತ್ತರದಲ್ಲಿ ಹಿಡಿದು ಕರು ತಾನಾಗಿ ಚೀಪುವಂತೆ ಮಾಡಿ. ತಲೆ ಮೇಲೆತ್ತಿ ಗೊಟ್ಟದಲ್ಲಿ ಸುರಿದರೆ ಹಾಲು ಶ್ವಾಸಕೋಶಕ್ಕೆ ಇಳಿದು, ಎರಡು ದಿನದಲ್ಲಿ ಕೆಮ್ಮು, ನ್ಯುಮೋನಿಯಾ ಶುರುವಾಗುತ್ತದೆ.

ಕರುವೇ ಸತ್ತು ತಾಯಿ ಉಳಿದಾಗ ಮಿಶ್ರತಳಿ ಹಸು ಒಂದೆರಡು ದಿನದಲ್ಲಿ ಹಾಲು ಇಳಿಸತೊಡಗುತ್ತದೆ, ಇಲ್ಲಿನ ಮಲೆನಾಡು ಗಿಡ್ಡ ತಳಿಯ ಹಸುವೂ ಎಮ್ಮೆಯೂ ಹಾಲು ಇಳಿಸದೆ ಸತಾಯಿಸುತ್ತವೆ. ಅದೇ ಕೈ, ಅದೇ ಹೊತ್ತು, ಮುಂದೆ ಒಂದು ಬುಟ್ಟಿ ಹಿಂಡಿ ಇದ್ದರೆ ನಿಧಾನವಾಗಿ ದಾರಿಗೆ ಬರುತ್ತವೆ. ಹಾಲಿಳಿಸುವ ಇಂಜೆಕ್ಷನ್ನನ್ನು ಅಂಗಡಿಯಿಂದ ತಂದು ನೀವೇ ಚುಚ್ಚುವ ದಾರಿ ಹಿಡಿಯಬೇಡಿ.

ಮನೆಯವರ ದುಃಖ

"ಒಂದು ದನ ತಾನೆ, ಇನ್ನೊಂದು ತಂದರಾಯಿತು" ಎಂದು ಸಮಾಧಾನ ಹೇಳುವವರು ಬರುತ್ತಾರೆ. ಅದರಿಂದ ಸಮಾಧಾನವಾಗುವುದಿಲ್ಲ. ಕೊಟ್ಟಿಗೆಯ ಕೆಲಸವೆಲ್ಲ ಅಮ್ಮನದೋ ಅತ್ತೆಯದೋ ಆಗಿರುವ ಮನೆಯಲ್ಲಿ ಅವರ ಬೆಳಗಿನ ಎರಡು ಗಂಟೆ ಒಮ್ಮೆಗೇ ಖಾಲಿಯಾಗಿರುತ್ತದೆ ಎಂಬುದನ್ನು ಮನೆಯ ಗಂಡಸರು ಗಮನಿಸಬೇಕು. ಮಕ್ಕಳಿಗೆ ಹಸುವನ್ನು ಮಾರಿದೆವೆಂದು ಸುಳ್ಳು ಹೇಳದಿರುವುದು ಮೇಲು, ಗೋಪೂಜೆಯ ದಿನ ಅವರು ಕೇಳಿಯೇ ಕೇಳುತ್ತಾರೆ. ನಷ್ಟದ ಜೊತೆ ಸಾಲವೂ ಇದ್ದು, ವಾರಗಟ್ಟಲೆ ನಿದ್ದೆ-ಊಟ ಬಿಟ್ಟವರಿದ್ದರೆ ಅದನ್ನು ಬರೀ ಬೇಸರವೆಂದು ಬಿಡಬಾರದು. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮತ್ತೊಂದು ತರುವಾಗ

ಖಾಲಿ ಗೂಟ ನೋಡಲಾಗದೆ ಮುಂದಿನ ವಾರವೇ ಹಸು ಕೊಳ್ಳುವುದು ಬೇಡ. ಸಾವಿನ ಕಾರಣ ತಿಳಿದು, ಕೊಟ್ಟಿಗೆ ತೊಳೆದು ಒಣಗಿದ ಮೇಲೆ ಕೊಂಡರೆ ಅದೇ ರೋಗಕ್ಕೆ ಎರಡನೆಯ ಬಲಿ ತಪ್ಪುತ್ತದೆ. ನನ್ನ ಅಭಿಪ್ರಾಯದಲ್ಲಿ, ಕೆಲಸಕ್ಕೆ ಜನ ಸಿಗದ ಈ ಕಾಲದಲ್ಲಿ ಐದರ ಜಾಗದಲ್ಲಿ ನಾಲ್ಕನ್ನೇ ಇಟ್ಟುಕೊಂಡು ಚೆನ್ನಾಗಿ ನೋಡಿಕೊಳ್ಳುವುದು ಹಲವು ಮನೆಗಳಿಗೆ ಸರಿಹೊಂದೀತು. ಕಾಡಿಗೆ ಬಿಟ್ಟು ಮೇಯಿಸುವವರಿಗೆ ಹಾಲು ಕಡಿಮೆಯಾದರೂ ಗಿಡ್ಡ ತಳಿಯೇ ತಕ್ಕದ್ದು. ಡೇರಿಗೆ ಹಾಲು ಹಾಕಲೇಬೇಕೆನ್ನುವವರು ಮಿಶ್ರತಳಿ ತಂದರೆ ಅದನ್ನು ಜಡಿಮಳೆಯಲ್ಲಿ ಕಟ್ಟಿಹಾಕಿ ಮೇಯಿಸುವ ಏರ್ಪಾಟೂ ಇರಬೇಕು. ಕೊಳ್ಳುವ ಮೊದಲು ಬ್ರುಸೆಲ್ಲಾ ಪರೀಕ್ಷೆ ಮಾಡಿಸಿ. ತಂದ ಹಸುವನ್ನು ಮೂರು ವಾರ ಬೇರೆ ಕಡೆ ಕಟ್ಟಿ, ಅದರ ಬಕೆಟ್, ಹಗ್ಗ, ಹಿಂಡಿಯ ಪಾತ್ರೆಗಳನ್ನು ಉಳಿದವುಗಳ ಜೊತೆ ಬೆರೆಸಬೇಡಿ. ಗಂಟಲು ಬೇನೆ, ಚಪ್ಪೆ ರೋಗದ ಲಸಿಕೆಗಳು ಮುಂಗಾರಿಗೆ ಮೊದಲೇ ಬಿದ್ದಿರಬೇಕು. ಕಾಲುಬಾಯಿ ಲಸಿಕೆ ವರ್ಷಕ್ಕೆರಡು ಬಾರಿ ಊರಿಗೇ ಬರುತ್ತದೆ, ಆ ದಿನ ದನಗಳನ್ನು ಬೆಟ್ಟಕ್ಕೆ ಬಿಡದೆ ಕಟ್ಟಿಡಿ. ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯ ವಿಮೆಯಲ್ಲಿ ರೈತನ ಪಾಲಿನ ಕಂತನ್ನು 2024ರಲ್ಲಿ ಶೇಕಡ 15ಕ್ಕೆ ಇಳಿಸಲಾಗಿದೆ. ರೋಗದಿಂದಾದ ಸಾವಿಗೆ ವಿಮೆ ಆರಂಭದ ಕೆಲವು ದಿನ ಅನ್ವಯಿಸದೆಂಬ ಷರತ್ತು ಸಾಮಾನ್ಯವಾಗಿ ಇರುವುದರಿಂದ, ಕಿವಿಯೋಲೆ ಹಾಕಿಸುವ ದಿನವೇ ವಿಮೆಯ ಅರ್ಜಿಗೂ ವೈದ್ಯರಿಂದ ಸಹಿ ಪಡೆದುಕೊಳ್ಳಿ.